ಇಬ್ಬನಿಯೆಂದು ಒರೆಸಿದ ಹನಿ

ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಕೆಳಗೆ ಮಾವನವರ ವರ್ಕ್‌ಶಾಪು, ಮೇಲೆ ಸಂಸಾರ. ಮೇಲಿನಿಂದ ಇಳಿದು ಬೀದಿಗೆ ಹೋಗಬೇಕಾದವರು ಯಾರೇ ಆಗಲಿ, ಮೆಟ್ಟಿಲ ಬುಡದಲ್ಲಿ ಹಾಕಿದ್ದ ಮಾವನವರ ಕುರ್ಚಿಯನ್ನು ಬಳಸಿಯೇ ಹೋಗಬೇಕಾಗಿತ್ತು. ಬೆಂಕಿಪೊಟ್ಟಣ ತರಲು ಹೊರಟರೂ "ಎಲ್ಲಿಗೆ ಸವಾರಿ, ಅಳಿಯಂದಿರೇ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಪ್ರಶ್ನೆಯಲ್ಲಿ ಗದರಿಕೆಯಿಲ್ಲ, ಮರ್ಯಾದೆ ತುಂಬಿ ತುಳುಕುತ್ತಿತ್ತು. ಗದರಿದ್ದರೆ ಎದುರಾಡಬಹುದಿತ್ತೇನೋ, ಮರ್ಯಾದೆಗೆ ಎದುರಾಡುವುದು ಹೇಗೆಂದು ಅಳಿಯನಿಗೆ ಯಾರೂ ಕಲಿಸಿರಲಿಲ್ಲ.

ಆತ ಅಣ್ಣನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿ ಬೆಳೆದವನು. ರೇಡಿಯೋ ರಿಪೇರಿಯವನ ಬಳಿ ಬೆಸುಗೆಯ ಕೆಲಸ ಕಲಿತಿದ್ದ. ಒಮ್ಮೆ ಕೆಟ್ಟ ಮೀಟರೊಂದನ್ನು ಹಿಡಿದು ಆ ಅಂಗಡಿಗೆ ಬಂದ ಮಾವನವರು, ಕೂದಲೆಳೆಯಂಥ ತಂತಿಯ ಮೇಲೆ ಕಾದ ಮೊನೆಯನ್ನು ಇಳಿಸುವಾಗ ಈ ತರುಣನ ಬೆರಳು ಅಲುಗದಿರುವುದನ್ನು ಕಂಡರು. ಮೀಟರಿನ ಮಾತು ಬಿಟ್ಟು ಮನೆಮಠದ ಮಾತೆತ್ತಿದರು. ತಮಗೆ ಒಬ್ಬಳೇ ಮಗಳು, ಅವಳನ್ನು ಹೊರಗೆ ಕಳಿಸುವ ಮನಸ್ಸಿಲ್ಲ ಎಂದರು. ತಲೆಗೊಂದು ಸೂರು, ಕೈಗೊಂದು ಕಸುಬು, ಬಾಳಿಗೊಬ್ಬ ಜೊತೆ, ಮೂರೂ ಒಂದೇ ಹೊಸ್ತಿಲಲ್ಲಿ ದೊರೆತವೆಂದು ಆತ ದೇವರಿಗೆ ಕೈಮುಗಿದ. ಮೂರಕ್ಕೂ ಇರುವುದು ಒಂದೇ ಬೀಗವೆಂಬುದು ಅರಿವಾಗಲು ಕೆಲವು ವರ್ಷಗಳೇ ಬೇಕಾದವು.

ನೆಲದಡಿಯ ಚರಂಡಿಗಳಿಗೆ, ಮುಚ್ಚಿದ ತೊಟ್ಟಿಗಳಿಗೆ ಇಳಿದು ದುಡಿಯುವವರು ಎದೆಗೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರುಗಳನ್ನು ಸರಿಪಡಿಸುವುದು ಆ ವರ್ಕ್‌ಶಾಪಿನ ಕೆಲಸ. ಅಂಥ ಮೀಟರಿನ ಪ್ರಾಣವೆಲ್ಲ ಅದರೊಳಗಿನ ಸೆಲ್ಲಿನಲ್ಲಿ. ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ ಅದು. ಒಳಗೆ ಗಂಧಕಾಮ್ಲದಲ್ಲಿ ನೆನೆದ ಪದರಗಳು, ಮೇಲೆ ಗಾಳಿಯನ್ನು ಮಾತ್ರ ಒಳಬಿಡುವ ತೆಳುಪೊರೆ. ವಿಷಾನಿಲ ಪೊರೆಯನ್ನು ದಾಟಿದೊಡನೆ ಅಲ್ಲೊಂದು ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಮೀಟರು ಕೂಗುತ್ತದೆ, ಮನುಷ್ಯ ಮೇಲೆ ಬರುತ್ತಾನೆ. ಸೆಲ್ಲು ಸುಮ್ಮನಿದ್ದರೆ ಮನುಷ್ಯ ಕೆಳಗೇ ಉಳಿಯುತ್ತಾನೆ.

ಸೆಲ್ಲನ್ನು ಬಿಚ್ಚಬಾರದು, ಅದುಮಬಾರದು, ಸೋರಿದ್ದನ್ನು ಬರಿಗೈಯಿಂದ ಮುಟ್ಟಬಾರದು. ಆಯುಸ್ಸು ತೀರಿದ್ದನ್ನು ಕಸಕ್ಕೆ ಎಸೆಯದೆ, ಸುಡದೆ, ಚೀಲದಲ್ಲಿ ಭದ್ರಮಾಡಿ ವಿಷತ್ಯಾಜ್ಯ ಒಯ್ಯುವವರಿಗೆ ಒಪ್ಪಿಸಬೇಕು. ಆಮ್ಲಜನಕ ಅಳೆಯುವ ಸೆಲ್ಲುಗಳಲ್ಲಾದರೆ ಸೀಸವೂ ಉಂಟು, ಅವನ್ನು ಮುಟ್ಟಿದ ಕೈ ತೊಳೆಯದೆ ತುತ್ತು ಮುಟ್ಟುವಂತಿಲ್ಲ. ಇವೆಲ್ಲ ತಯಾರಕರು ಹೇಳುವ ಮಾತು. ಅಳಿಯ ಇವನ್ನು ನಿತ್ಯದ ಪ್ರಾರ್ಥನೆಯಷ್ಟೇ ನಿಷ್ಠೆಯಿಂದ ಪಾಲಿಸುತ್ತಿದ್ದ. ರಬ್ಬರಿನ ಕೈಗವಸನ್ನೂ ಕಣ್ಣಿಗೆ ಕಟ್ಟುವ ಕನ್ನಡಕವನ್ನೂ ತಾನೇ ತಂದುಕೊಂಡಿದ್ದ. ಅವನ್ನು ತೊಟ್ಟು ಕುಳಿತಾಗಲೆಲ್ಲ ಮಾವನವರು, ನಮ್ಮ ಅಳಿಯಂದಿರು ಇವತ್ತು ಸಮುದ್ರಕ್ಕೆ ಧುಮುಕುತ್ತಾರಂತೆ ಎಂದು ಬಂದ ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದರು.

ಮಾವನವರ ಹೆಮ್ಮೆಯೆಲ್ಲ ಹಿಂಭಾಗದ ಕೋಣೆಯಲ್ಲಿದ್ದ ತೇವದ ಪೆಟ್ಟಿಗೆಯಲ್ಲಿ. ಆ ಆಮ್ಲಕ್ಕೆ ಒಂದು ಗುಣವಿದೆ: ಒಣಹವೆಯಲ್ಲಿ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ, ತೇವದ ಹವೆಯಲ್ಲಿ ಮತ್ತೆ ಹೀರಿಕೊಳ್ಳುತ್ತದೆ. ಇದನ್ನು ಎಲ್ಲಿಯೋ ಕಂಡುಕೊಂಡಿದ್ದ ಮಾವನವರು, ಒಣಗಿ ಕಳೆಗುಂದಿದ ಸೆಲ್ಲುಗಳನ್ನು ನೀರಿನ ಬೋಗುಣಿಯಿಟ್ಟ ಮರದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮುಚ್ಚಿಟ್ಟು ಅವಕ್ಕೆ ಮರುಜನ್ಮ ಕೊಡುತ್ತಿದ್ದರು. ನೀರು ಕುಡಿಸುವುದು ಎಂದು ಆ ಕೆಲಸಕ್ಕೆ ಹೆಸರು. ಎಷ್ಟು ಕುಡಿಯಿತು ಎಂಬುದನ್ನು ತಕ್ಕಡಿಯಲ್ಲಿ ನೋಡುವ ಪದ್ಧತಿಯಿರಲಿಲ್ಲ, ಅಂಗೈಯಲ್ಲಿ ಹಿಡಿದು ತೂಗಿ ನೋಡಿದರೆ ಮುಗಿಯಿತು. ಹೊರತೆಗೆದ ಸೆಲ್ಲುಗಳ ಮೈಮೇಲೆ ಹನಿಗಳಿರುತ್ತಿದ್ದವು. ಪೆಟ್ಟಿಗೆಯೊಳಗಿನ ತೇವವೇ ತಣಿದು ಕೂತ ಇಬ್ಬನಿ ಅದೆಂದು ಮನೆಮಂದಿಯೆಲ್ಲ ನಂಬಿದ್ದರು. ಗೋಡೆಯ ಮೊಳೆಗೆ ತೂಗುಹಾಕಿದ ಬಟ್ಟೆಯಿಂದ ಅದನ್ನು ಒರೆಸಿ, ಸೆಲ್ಲನ್ನು ಮೀಟರಿಗೆ ಕೂರಿಸುವುದು ರೂಢಿ. ಬೇರೆ ವರ್ಕ್‌ಶಾಪಿನವರಾಗಿದ್ದರೆ ಸೆಲ್ಲಿನ ಮೇಲೆ ಹನಿ ಕಂಡೊಡನೆ ಹಿಂದೆ ಸರಿಯುತ್ತಿದ್ದರು. ಇವರಿಗೆ ಹನಿ ಕಾಣದಿದ್ದರೇ ಅನುಮಾನ.

ಬಟ್ಟೆ ಕೊಳೆಯಾದರೆ ಮನೆಯ ಬಟ್ಟೆಗಳೊಂದಿಗೆ ಮೇಲೆ ಒಗೆತಕ್ಕೆ ಹೋಗುತ್ತಿತ್ತು. ಈಚೆಗೆ ಅಳಿಯನ ಬನಿಯನ್ನುಗಳಲ್ಲಿ ಒಗೆದ ಮೇಲೆ ತೂತುಗಳು ಕಾಣತೊಡಗಿದ್ದವು. ಅತ್ತೆಯವರು ಒಂದನ್ನು ಬಿಸಿಲಿಗೆ ಹಿಡಿದು, ಅಳಿಯನ ಕಿವಿಗೆ ಬೀಳುವಂತೆ ಮಗಳಿಗೆ ಹೇಳಿದರು: "ನಿನ್ನ ಗಂಡ ಬನಿಯನ್ ಹಾಕ್ಕೊಳ್ಳೋದು ಯಾಕಮ್ಮ? ಜರಡಿ ಕಟ್ಟಿಕೊಂಡರೂ ಇದಕ್ಕಿಂತ ಬೆಚ್ಚಗಿರುತ್ತೆ." ಸಾಬೂನನ್ನು ಬದಲಾಯಿಸಿದರು, ಇಲಿಬೋನು ಇಟ್ಟರು. ತೂತುಗಳು ನಿಲ್ಲಲಿಲ್ಲ. ಅಳಿಯನ ಮನಸ್ಸಿನಲ್ಲಿ ಒಂದು ಸಂಶಯ ಹುಟ್ಟಿತು. ಹುಟ್ಟಿದಷ್ಟೇ ಬೇಗ ಅದನ್ನು ಆತ ನುಂಗಿಕೊಂಡ. ಪೆಟ್ಟಿಗೆಯನ್ನು ಶಂಕಿಸುವುದೆಂದರೆ ಮಾವನವರನ್ನು ಶಂಕಿಸಿದಂತೆ. ಮಾವನವರನ್ನು ಶಂಕಿಸಿ ಆ ಮೆಟ್ಟಿಲಿನಲ್ಲಿ ಹತ್ತಿಳಿಯುವುದು ಸಾಧ್ಯವಿರಲಿಲ್ಲ.

ಬೇರೆ ಮನೆ ಮಾಡುವ ಮಾತನ್ನು ಆತ ಹೆಂಡತಿಯ ಬಳಿ ಎತ್ತದೆ ಇರಲಿಲ್ಲ. ಅವಳು ಕೆಟ್ಟವಳಲ್ಲ, ಗಂಡನ ಮುಖ ನೋಡಿಯೇ ಅವನ ದಿನವನ್ನು ಓದಬಲ್ಲವಳು. ಆದರೆ ಅಪ್ಪನ ಮಾತು ಬಂದರೆ ಅವಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಈ ವರ್ಷ ಬೇಡ ಎಂದಳು. ಅಮ್ಮನ ಮೊಣಕಾಲು ನೋವು ಕಡಿಮೆಯಾಗಲಿ ಎಂದಳು. ಅಪ್ಪ ಒಂಟಿಯಾಗುತ್ತಾರೆ ಎಂದಳು. ನೀರೊಳಗೆ ಮುಳುಗಿದವನು ಒಮ್ಮೆ ತಲೆಯೆತ್ತಿ ಉಸಿರೆಳೆದುಕೊಳ್ಳುವಂತೆ ಆತ ಆಗೊಮ್ಮೆ ಈಗೊಮ್ಮೆ ಆ ಮಾತನ್ನೆತ್ತಿ, ಮತ್ತೆ ಮುಳುಗುತ್ತಿದ್ದ.

ಆ ಸಲದ ಮಳೆಗಾಲ ಹಿಡಿದ ಹಿಡಿ ಬಿಡಲಿಲ್ಲ. ಗೋಡೆಗಳು ಬೆವೆತವು, ಮುಚ್ಚಿಟ್ಟ ಬಟ್ಟೆಗಳು ಮುಗ್ಗಿದವು. ಅಂಥ ಹವೆಯಲ್ಲಿಯೂ ಪೆಟ್ಟಿಗೆಯ ಬೋಗುಣಿಯನ್ನು ಮಾವನವರು ಬರಿದು ಮಾಡಗೊಡಲಿಲ್ಲ. ಒಳಚರಂಡಿಗೆ ಇಳಿಯುವ ತಂಡದ ಮೇಸ್ತ್ರಿಯ ಎರಡು ಮೀಟರುಗಳಿಗೆ ಕೆಲವು ದಿನಗಳ ಹಿಂದೆಯೇ ಅದೇ ಪೆಟ್ಟಿಗೆಯ ಸೆಲ್ಲುಗಳನ್ನು ಕೂರಿಸಿ, ಡಬ್ಬಿಯಲ್ಲಿಟ್ಟು, ಮೇಜಿನ ಮೇಲೆ ಸಿದ್ಧವಾಗಿರಿಸಿದ್ದರು. ಮೇಸ್ತ್ರಿ ಮಧ್ಯಾಹ್ನ ಬಂದು ಒಯ್ಯುವವನಿದ್ದ. ಅವನ ಜನ ಅಂದೇ ಕೆಳಗಿಳಿಯುವವರಿದ್ದರು.

ಅದೇ ದಿನ ಬೆಳಿಗ್ಗೆ ಅಳಿಯ ಪೆಟ್ಟಿಗೆಯಲ್ಲಿ ಉಳಿದ ಸೆಲ್ಲುಗಳನ್ನು ಹೊರತೆಗೆಯುತ್ತಿದ್ದ. ಒಂದರ ಬೆನ್ನು ಉಬ್ಬಿದಂತೆ ಕಂಡಿತು. ಹನಿಗಳು ಮೇಲೆಲ್ಲ ಹರಡಿರಲಿಲ್ಲ. ಡಬ್ಬಿಯ ಎರಡು ಹೋಳುಗಳು ಕೂಡುವ ಅಂಚಿನಲ್ಲಿ, ಮೀಟರಿಗೆ ಸಿಕ್ಕಿಸುವ ಲೋಹದ ಕಡ್ಡಿಗಳು ಹೊರಚಾಚಿದ ಬುಡದಲ್ಲಿ ಮಾತ್ರ ಕೂತಿದ್ದವು. ನೀಲಿ ಲಿಟ್ಮಸ್ ಕಾಗದದ ಚೂರನ್ನು ಚಿಮಟದಲ್ಲಿ ಹಿಡಿದು ತಾಗಿಸಿದ. ಕಾಗದ ಕೆಂಪಾಯಿತು. ಮತ್ತೊಂದು ಸೆಲ್ಲಿಗೆ ತಾಗಿಸಿದ, ಅದೂ ಕೆಂಪು. ಕುಡಿಯುವಷ್ಟೂ ಕುಡಿದು, ಹಿಡಿಸಲಾರದೆ, ಅವು ತಮ್ಮೊಳಗಿನ ಆಮ್ಲವನ್ನೇ ಹೊರಗೆ ಉಗುಳುತ್ತಿದ್ದವು. ಬನಿಯನ್ನಿನ ತೂತುಗಳ ಕಥೆ ಆ ಗಳಿಗೆಯಲ್ಲಿ ಅವನಿಗೆ ಪೂರ್ತಿಯಾಗಿ ತಿಳಿಯಿತು. ಗಂಧಕಾಮ್ಲ ಆವಿಯಾಗಿ ಹೋಗುವಂಥದಲ್ಲ; ನೀರು ಆರಿದಷ್ಟೂ ಬಟ್ಟೆಯಲ್ಲಿ ಉಳಿದದ್ದು ಉಗ್ರವಾಗುತ್ತದೆ. ಅದಕ್ಕಿಂತ ದೊಡ್ಡ ಮಾತು ಮೇಜಿನ ಮೇಲಿತ್ತು: ಡಬ್ಬಿಯೊಳಗಿನ ಎರಡು ಮೀಟರುಗಳ ಸೆಲ್ಲುಗಳೂ ಇದೇ ಕಂತಿನವು. ಸೋರಿದ ಆಮ್ಲ ಮೀಟರಿನೊಳಗೆ ವಿದ್ಯುತ್ತು ಹರಿಯುವ ತಾಮ್ರದ ಗೆರೆಗಳನ್ನು ತಿಂದುಹಾಕಿದರೆ, ವಿಷದ ನಡುವೆಯೂ ಮೀಟರು ಸೊನ್ನೆ ತೋರಿಸುತ್ತ ಕೂತಿರುತ್ತದೆ.

ಆತ ಕೆಂಪಾದ ಕಾಗದಗಳನ್ನು ಮಾವನವರ ಮುಂದೆ ಹಿಡಿದ. ಅವರು ನಕ್ಕು, ಹಳೇ ಕಾಗದ, ಅದು ಎಲ್ಲಕ್ಕೂ ಕೆಂಪಾಗುತ್ತದೆ ಎಂದರು. ಅಳಿಯ ಅದೇ ಕಾಗದದ ಹೊಸ ಚೂರೊಂದನ್ನು ನಲ್ಲಿಯ ನೀರಿಗೆ ತಾಗಿಸಿ ತೋರಿಸಿದ, ನೀಲಿಯಾಗಿಯೇ ಉಳಿಯಿತು. ಮಾವನವರ ನಗೆ ಮಾಸಿತು. ಕೋಣೆಗೆ ಬಂದು, ಮೊಳೆಯಿಂದ ಬಟ್ಟೆಯನ್ನೆಳೆದು, ಅಲ್ಲಿದ್ದ ಸೆಲ್ಲುಗಳನ್ನೆಲ್ಲ ಒಂದೊಂದಾಗಿ ಒತ್ತಿ ಒರೆಸಿ, ಬಟ್ಟೆಯನ್ನು ಹೆಗಲಿಗೆಸೆದುಕೊಂಡರು.

"ನೋಡಿ. ಬರೀ ನೀರು. ನೀವು ಹುಟ್ಟೋಕೆ ಮುಂಚಿನಿಂದ ಒರೆಸ್ತಾ ಇದೀನಿ."

ಬಟ್ಟೆಯನ್ನು ಹೆಗಲಿನಿಂದ ತೆಗೆಯಿರೆಂದು ಅಳಿಯ ಬೇಡಿಕೊಂಡ. ಮೇಸ್ತ್ರಿಯ ಮೀಟರುಗಳಿಗೆ ಬೇರೆ ಸೆಲ್ಲು ಹಾಕಿಕೊಡೋಣವೆಂದ. ಹೊಸ ಸೆಲ್ಲುಗಳ ಬೀರುವಿನ ಬೀಗದ ಕೈ ಮಾವನವರ ಸೊಂಟದಲ್ಲಿತ್ತು. ಅವರ ಕೈ ಅಲ್ಲಿಗೆ ಹೋಗಲಿಲ್ಲ. ಮೇಸ್ತ್ರಿ ಬಂದಾಗ ಅಳಿಯಂದಿರು ಒಳಗಿನ ಕೋಣೆಯಲ್ಲೇ ಇರಬೇಕೆಂದೂ, ಇಷ್ಟು ವರ್ಷದ ಹೆಸರಿಗೆ ಮಸಿ ಬಳಿಯಬಾರದೆಂದೂ, ಆ ಮೇಲೆ ಮನೆಯಲ್ಲಿ ಮುಖ ತೋರಿಸುವುದು ಅಳಿಯಂದಿರಿಗೇ ಕಷ್ಟವಾದೀತೆಂದೂ ಅತ್ಯಂತ ಮರ್ಯಾದೆಯಿಂದ ತಿಳಿಸಿದರು. ಹೊರಗೆ ಹೋಗುವಾಗ ತೇವ ಹೊರಹೋಗದಂತೆ ಕೋಣೆಯ ಬಾಗಿಲನ್ನೆಳೆದುಕೊಂಡರು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದರೆ ತೆರೆಯುತ್ತಿತ್ತು. ಅಳಿಯ ತಳ್ಳಲಿಲ್ಲ. ಮುಂದೆ ಆ ದಿನವನ್ನು ನೆನೆದಾಗಲೆಲ್ಲ ಅವನನ್ನು ಚುಚ್ಚುತ್ತಿದ್ದದ್ದು ಆ ಹಾಕಿಲ್ಲದ ಚಿಲಕವೇ. ಕಿಟಕಿಯಿಲ್ಲದ ಕೋಣೆ, ಗೋಡೆಯಿಂದ ಗೋಡೆಗೆ ಮೂರು ಹೆಜ್ಜೆ. ಆತ ಕೈಗವಸು ತೊಟ್ಟ ಕೈಗಳನ್ನು ಮಂಡಿಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತ. ಹೊರಗೆ ಹೋಗಿ ಹೇಳಿದರೆ ಹೆಂಡತಿಯ ಮುಖ ಕಣ್ಣಮುಂದೆ ಬರುತ್ತಿತ್ತು. ಹೇಳದಿದ್ದರೆ, ಹೆಸರೂ ಗೊತ್ತಿಲ್ಲದ ಯಾರದೋ ಹೆಂಡತಿಯ ಮುಖ. ದೇವರೇ, ಮಾವನವರಿಗೇ ಬುದ್ಧಿ ಕೊಡು ಎಂದು ಪ್ರಾರ್ಥಿಸಿದ. ತನಗೆ ಧೈರ್ಯ ಕೊಡು ಎಂದು ಬೇಡಲು ನಾಲಿಗೆ ಹೊರಳಲಿಲ್ಲ. ಕೊಟ್ಟುಬಿಟ್ಟರೆ ಏನು ಗತಿ ಎಂಬ ಹೆದರಿಕೆ.

ಮೇಸ್ತ್ರಿಯ ದನಿ ಕೇಳಿಸಿತು. ಆತ ಮಾತುಗಾರ. ಮಳೆಯನ್ನು ಬೈದ, ಚರಂಡಿಯನ್ನು ಬೈದ, ಊರಿನವರೆಲ್ಲ ಸುಖವಾಗಿ ತಿಂದದ್ದರ ಲೆಕ್ಕ ತನಗೆ ಕೆಳಗೆ ಗೊತ್ತಾಗುತ್ತದೆಂದು ನಗಿಸಿದ. ಅಳಿಯಂದಿರು ಎಲ್ಲಿ ಎಂದು ಕೇಳಿದ. ಒಳಗೆ ಕೆಲಸದಲ್ಲಿದ್ದಾರೆ ಎಂದರು ಮಾವನವರು. ಮೀಟರುಗಳ ಡಬ್ಬಿಯನ್ನು ಮೇಜಿನಿಂದ ಎತ್ತಿದ ಸದ್ದಾಯಿತು. ಅಳಿಯ ಎದ್ದು ನಿಂತ. ನಿಂತೇ ಇದ್ದ.

ಅಷ್ಟರಲ್ಲಿ ಮಾವನವರು ಚೀರಿದರು.

ಸೆಕೆಗೆ ಬೆವೆತಿದ್ದ ಅವರು ಮಾತಿನ ನಡುವೆ ಹೆಗಲ ಮೇಲಿನ ಬಟ್ಟೆಯಿಂದಲೇ ಮುಖ ಒರೆಸಿಕೊಂಡಿದ್ದರು. ಅಳಿಯ ಬಾಗಿಲನ್ನು ತಳ್ಳಿಕೊಂಡು ಬಂದಾಗ ಅವರು ಬಲಗಣ್ಣನ್ನು ಎರಡೂ ಅಂಗೈಯಿಂದ ಉಜ್ಜುತ್ತ ಕುರ್ಚಿಯ ಸುತ್ತ ತಡವರಿಸುತ್ತಿದ್ದರು. ಆತ ಬಟ್ಟೆಯನ್ನು ಕಿತ್ತು ದೂರ ಎಸೆದ. ಕೈಗವಸುಗಳನ್ನೂ ಕಳಚಿ ಎಸೆದ. ಅವರ ತೋಳು ಹಿಡಿದು ಹಿಂಭಾಗದ ನಲ್ಲಿಗೆ ಎಳೆದೊಯ್ದ. ಉರಿಯುವ ಕಣ್ಣು ಕೆಳಗಾಗುವಂತೆ, ಮತ್ತೊಂದಕ್ಕೆ ನೀರು ಹರಿಯದಂತೆ ತಲೆಯನ್ನು ಓರೆಯಾಗಿ ಬಗ್ಗಿಸಿ ನೀರು ಬಿಟ್ಟ. ಬಿಗಿದ ರೆಪ್ಪೆಗಳನ್ನು ಎರಡು ಬೆರಳಿಂದ ಬಿಡಿಸಿ ಹಿಡಿದ. ಇಷ್ಟು ವರ್ಷಗಳಲ್ಲಿ ಆತ ಮಾವನವರ ಮೈ ಮುಟ್ಟಿದ್ದು ಅದೇ ಮೊದಲು.

"ಬಿಡೋ. ಉಸಿರು ಕಟ್ತಿದೆ, ಬಿಡೋ ನನ್ನ."

"ಬಿಡಲ್ಲ ಮಾವ. ಕಣ್ಣು ತೆಗೀರಿ. ನೀರು ಒಳಗೆ ಹೋಗಬೇಕು."

ಕೂಗು ಕೇಳಿ ಹೆಂಡತಿಯೂ ಅತ್ತೆಯವರೂ ಇಳಿದು ಬಂದರು. ಸಂಗತಿ ತಿಳಿದೊಡನೆ ಹೆಂಡತಿ ಅಡುಗೆ ಸೋಡಾ ತರಲು ತಿರುಗಿದಳು; ಮೇಜಿನ ಮೇಲೆ ಆಮ್ಲ ಚೆಲ್ಲಿದಾಗ ಗಂಡ ಅದನ್ನೇ ಉದುರಿಸುವುದನ್ನು ಅವಳು ಕಂಡಿದ್ದಳು. ಸೋಡಾ ಮೇಜಿಗೆ ಸರಿ, ಕಣ್ಣಿಗೆ ಬರೀ ನೀರು, ನೀರು ಬಿಟ್ಟು ಇನ್ನೇನೂ ಬೇಡ ಎಂದು ಆತ ತಡೆದ. ಅತ್ತೆಯವರು, ಸಾಕು, ತೊಳೆದದ್ದಾಯಿತಲ್ಲ, ವಯಸ್ಸಾದ ಜೀವ ಎಂದು ಅವನ ಬೆನ್ನಿಗೆ ಗುದ್ದಿದರು. ಆತ ಹಿಡಿತ ಸಡಿಲಿಸಲಿಲ್ಲ. ಸಾಲದು, ಕಾಲು ಗಂಟೆಗಿಂತ ಮೊದಲು ನಲ್ಲಿ ನಿಲ್ಲಿಸುವಂತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ದೇವರು ಅಷ್ಟು ನಾಜೂಕಾಗಿ ನಿರ್ಮಿಸಿದ ಆ ಕಣ್ಣುಗುಡ್ಡೆ ಅವನ ಬೆರಳುಗಳ ನಡುವೆ ಕೆಂಪಗೆ ಹೊರಳುತ್ತಿತ್ತು.

ಮೇಸ್ತ್ರಿ ಸ್ವಲ್ಪ ಹೊತ್ತು ನಿಂತು ನೋಡಿದ. ತನ್ನ ಜನ ಗುಂಡಿಯ ಬಾಯಲ್ಲಿ ಕಾಯುತ್ತಿದ್ದಾರೆ, ಸಂಜೆ ಬಂದು ಯಜಮಾನರನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ಹೊರಟ.

ಅಳಿಯನ ಒಂದು ಕೈ ಮಾವನವರ ಕತ್ತಿನ ಮೇಲಿತ್ತು, ಇನ್ನೊಂದು ರೆಪ್ಪೆಯ ಮೇಲೆ. ಓಡಿಹೋಗಿ ಡಬ್ಬಿ ಕಸಿದುಕೊಂಡರೆ ಕಣ್ಣು ಹೋಗುತ್ತದೆ. ಇಲ್ಲಿ ನಿಂತರೆ ಡಬ್ಬಿ ಹೋಗುತ್ತದೆ. ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳುವ ದಾರಿಯೂ ಮುಚ್ಚಿತ್ತು. ಹೇಳುವುದಾದರೆ ಅಲ್ಲಿಂದಲೇ, ಹೆಂಡತಿ ಅತ್ತೆ ಇಬ್ಬರ ಎದುರಿಗೆ, ಮಾವನವರ ಕಿವಿಯಿಂದ ಒಂದು ಗೇಣು ದೂರದಲ್ಲಿ, ನೀರಿನ ಸದ್ದನ್ನು ಮೀರುವಂತೆ ಹೇಳಬೇಕು.

"ಮೇಸ್ತ್ರಿ, ಡಬ್ಬಿ ಕೆಳಗಿಡಿ. ಆ ಮೀಟರು ಹಾಕ್ಕೊಂಡು ಯಾರೂ ಇಳೀಬಾರದು. ಸೆಲ್ಲು ಸೋರಿದೆ. ಇವರ ಕಣ್ಣಿಗೆ ಬಿದ್ದಿರೋದು ಅದೇ."

ಹೊಸ್ತಿಲಲ್ಲಿ ಮೇಸ್ತ್ರಿ ನಿಂತ. ಅವನ ಮುಖದ ನಗೆಯೆಲ್ಲ ಇಳಿದುಹೋಯಿತು. ನೇರವಾಗಿ ನಲ್ಲಿಯ ಬಳಿ ಬಂದು, ಬಗ್ಗಿ, ಮಾವನವರನ್ನೇ ಕೇಳಿದ:

"ಯಜಮಾನ್ರೇ, ಹೌದಾ?"

ಇಲ್ಲವೆಂದು ಅವರು ಹೇಳಬಹುದಿತ್ತು. ಅಳಿಯನಿಗೆ ತಲೆ ಕೆಟ್ಟಿದೆಯೆಂದು ಹೇಳಿದ್ದರೆ ಮೇಸ್ತ್ರಿ ಹಳೆಯ ವಿಶ್ವಾಸದಿಂದ ಅದನ್ನೇ ನಂಬುತ್ತಿದ್ದನೋ ಏನೋ. ತುಟಿಗಳು ಅಲುಗಿದವು. ನೀರು ಬಾಯಿಗೆ ನುಗ್ಗಿತು; ಉಗುಳಿದರು.

"ಉರೀತಿದೆ ಕಣಯ್ಯ," ಎಂದರು. "ನೀರಿಗೆ ಹೀಗೆ ಉರಿಯಲ್ಲ."

ಮೇಸ್ತ್ರಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಯಾರೂ ಇಳಿಯಬೇಡಿರೆಂದು ತನ್ನವರಿಗೆ ಫೋನು ಮಾಡಿದ. ಆ ಮೇಲೆ ಬಂದು ಮಾವನವರು ಕುಸಿಯದಂತೆ ಸೊಂಟ ಹಿಡಿದು ನಿಂತ.

ಆಸ್ಪತ್ರೆಯ ಕಣ್ಣಿನ ವೈದ್ಯೆ, ಇಷ್ಟು ತೊಳೆಯದಿದ್ದರೆ ದೃಷ್ಟಿಯ ಮಾತೇ ಇರುತ್ತಿರಲಿಲ್ಲ ಎಂದಳು. ಕಣ್ಣು ಉಳಿಯುತ್ತದೆ, ಕೆಲವು ವಾರ ಮಂಜುಮಂಜಾಗಿರುತ್ತದೆ ಎಂದಳು. ಯಾರು ತೊಳೆದದ್ದು ಎಂದು ಕೇಳಿದಾಗ ಮಾವನವರು ಮುಖ ತಿರುಗಿಸಲಿಲ್ಲ, ಕೈಯಿಂದ ಅಳಿಯನ ಕಡೆ ತೋರಿಸಿದರು. ಅಷ್ಟೇ.

ಮಾರನೆಯ ದಿನ ಅಳಿಯ ಕೋಣೆಯನ್ನು ಶುದ್ಧಿ ಮಾಡಿದ. ಕನ್ನಡಕ ಕಟ್ಟಿ, ಹೊಸ ಕೈಗವಸು ತೊಟ್ಟು, ಹನಿ ಬಿದ್ದ ಕಡೆಯಲ್ಲೆಲ್ಲ ಅಡುಗೆ ಸೋಡಾ ಉದುರಿಸಿ, ನೊರೆ ಅಡಗಿದ ಮೇಲೆ ನೀರಿನಿಂದ ತೊಳೆದು, ಲಿಟ್ಮಸ್ ನೀಲಿಯಾಗಿಯೇ ಉಳಿಯುವ ತನಕ ಬಿಡಲಿಲ್ಲ. ಸೋರಿದ ಸೆಲ್ಲುಗಳೊಂದಿಗೆ, ಸೋರದೆ ಪೆಟ್ಟಿಗೆಯಲ್ಲಿದ್ದವನ್ನೂ, ಒರೆಸುವ ಬಟ್ಟೆಯನ್ನೂ ದಪ್ಪ ಚೀಲಗಳಲ್ಲಿ ಬೇರೆ ಬೇರೆಯಾಗಿ ಕಟ್ಟಿ, ಮೇಲೆ ಒಳಗೇನಿದೆಯೆಂದು ಬರೆದು, ಮುಚ್ಚಳದ ಡ್ರಮ್ಮಿಗೆ ಹಾಕಿದ. ಬೋಗುಣಿಯನ್ನು ಬರಿದು ಮಾಡಿದ.

ಮೇಸ್ತ್ರಿ ತನ್ನ ಮೀಟರುಗಳನ್ನು ಎದುರಿಗೇ ಪರೀಕ್ಷಿಸಬೇಕೆಂದು ಕೇಳಿ ಕೂತಿದ್ದ. ಅಳಿಯ ಸಿಲಿಂಡರಿನ ಕೊಳವೆಯನ್ನು ಜೋಡಿಸಿ ಅಳತೆಯ ವಿಷಾನಿಲವನ್ನು ಹಾಯಿಸಿದ. ಒಂದು ಮೀಟರು ಕೂಗಿತು. ಇನ್ನೊಂದು ಸೊನ್ನೆಯನ್ನೇ ತೋರಿಸಿತು. ಕೊಳವೆ ತೆಗೆದು ಮತ್ತೆ ಜೋಡಿಸಿದ, ಮತ್ತೆಯೂ ಸೊನ್ನೆ. ಬಿಚ್ಚಿ ನೋಡಿದರೆ ತಾಮ್ರದ ಗೆರೆಗಳು ಹಸಿರುಗಟ್ಟಿ ಅಲ್ಲಲ್ಲಿ ತುಂಡಾಗಿದ್ದವು. ಇದನ್ನು ನನ್ನ ತಂಗಿಯ ಮಗ ಹಾಕಿಕೊಳ್ಳುವುದು ಎಂದು ಮೇಸ್ತ್ರಿ ಮೆಲ್ಲನೆ ಹೇಳಿದ.

ಮನೆಯಲ್ಲಿ ಯಾರೂ ಅಳಿಯನನ್ನು ದೂರಲಿಲ್ಲ. ಯಾರೂ ಹೊಗಳಲೂ ಇಲ್ಲ. ನೆರೆಯವರು ವಿಚಾರಿಸಲು ಬಂದರೆ ಅತ್ತೆಯವರು, ನಮ್ಮ ಅಳಿಯ ಮಾವನನ್ನು ನಲ್ಲಿಯಲ್ಲಿ ಮುಳುಗಿಸಿ ಬದುಕಿಸಿದ ಎಂದು ಹೇಳುತ್ತಿದ್ದರು. ಅದು ಮೆಚ್ಚುಗೆಯೋ ಕುಹಕವೋ ಎಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಹನಿಮದ್ದು ಹಾಕಲು ಮಾವನವರು ಮಗಳನ್ನೂ ಹೆಂಡತಿಯನ್ನೂ ಹತ್ತಿರ ಬಿಡಲಿಲ್ಲ. ಅವರಿಬ್ಬರ ಕೈ ನಡುಗುತ್ತದೆ ಎಂದರು. ಹೀಗಾಗಿ ದಿನಕ್ಕೆ ಹಲವು ಸಲ ಅಳಿಯನೇ ಮೇಲೆ ಹತ್ತಿಹೋಗಿ ಆ ರೆಪ್ಪೆಯನ್ನು ಬಿಡಿಸಿ ಹಿಡಿಯಬೇಕಾಯಿತು. ಒಂದು ದಿನ ಹನಿ ಹಾಕಿಸಿಕೊಂಡು ಮಲಗಿದ್ದಲ್ಲಿಂದಲೇ ಅವರು ಸೊಂಟದ ಬೀಗದ ಕೈಯನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟರು. ಇನ್ನು ಮೇಲೆ ಹೊಸ ಸೆಲ್ಲೇ ಹಾಕಿ, ನೀವೇ ನೋಡಿಕೊಳ್ಳಿ ಎಂದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ತುಂಬಿ ಬಂತು. ಬೇರೆ ಮನೆಯ ಮಾತು ಇನ್ನು ಬಾಯಿಂದ ಹೊರಡುವಂತಿಲ್ಲವೆಂದು ಆ ಕಣ್ಣುಗಳನ್ನು ನೋಡಿಯೇ ಅವನಿಗೆ ತಿಳಿಯಿತು. ಕೈಯಲ್ಲಿದ್ದ ಕಬ್ಬಿಣದ ತುಂಡು ಮೈಬಿಸಿಗೆ ಬೆಚ್ಚಗಿತ್ತು. ತೂಕ ಮಾತ್ರ ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು.

ಕೆಳಗೆ ಮೇಸ್ತ್ರಿ ಕಾಯುತ್ತಿದ್ದ. ಅಳಿಯ ಇಳಿದು ಬಂದು ಬೀರು ತೆರೆದು, ಗೆರೆಗಳನ್ನು ಆಗಲೇ ಬೆಸೆದಿಟ್ಟಿದ್ದ ಮೀಟರಿಗೂ ಇನ್ನೊಂದಕ್ಕೂ ಹೊಸ ಸೆಲ್ಲು ಹಾಕಿದ. ಅವನ್ನು ಒಯ್ಯಲು ಬಂದಿದ್ದ ಮೇಸ್ತ್ರಿ, ಎರಡೂ ಕೂಗುವುದನ್ನು ಕಿವಿಯಾರೆ ಕೇಳಿದ ಮೇಲೆಯೇ ಡಬ್ಬಿ ಮುಚ್ಚಿದ. ಹೊರಡುವ ಮುಂಚೆ, ತನ್ನ ಜನ ಒಂದು ಮಾತು ಕೇಳಿಕೊಂಡು ಬಾ ಎಂದಿದ್ದಾರೆ ಎಂದ. ಇನ್ನು ಮುಂದೆ ಅಳಿಯನ ಕೈಯಿಂದ ಬಂದ ಮೀಟರು ಹೊರತು ಬೇರೆಯದನ್ನು ಹಾಕಿಕೊಂಡು ಅವರು ಇಳಿಯುವುದಿಲ್ಲವಂತೆ.

"ನೀವು ಇಲ್ಲೇ ಇರ್ತೀರಿ ತಾನೆ, ಅಳಿಯಂದ್ರೇ?"

ಅಳಿಯ ಬೀದಿಯ ಕಡೆ ನೋಡಿದ. ಮೆಟ್ಟಿಲ ಬುಡದ ಕುರ್ಚಿ ಬರಿದಾಗಿತ್ತು. ಬಾಗಿಲು ತೆರೆದೇ ಇತ್ತು. ಹೊರಗೆ ಮಳೆ ನಿಂತು ಜನ ಓಡಾಡುತ್ತಿದ್ದರು. ಆತ ಸ್ಟೂಲನ್ನು ಮೇಜಿಗೆ ಎಳೆದುಕೊಂಡು ಕೂತು, ಕೈಗವಸನ್ನು ಬೆರಳಿಗೆ ಏರಿಸತೊಡಗಿದ.

"ಇರ್ತೀನಿ," ಎಂದ. "ಇನ್ನೆಲ್ಲಿಗೆ ಹೋಗಲಿ?"